ಬೆನ್ನಿನ ನೀರಿನ ಇನ್ನೊಂದು ಟ್ಯೂಬು

ಮೆಲನೋಮಾ ಎಂದರೆ ಚರ್ಮದ ಕ್ಯಾನ್ಸರ್, ಅದು ಬಿಳಿ ಚರ್ಮದವರಿಗೆ ಬರುವಂಥದ್ದು, ನಮ್ಮ ಜನರಿಗೆ ಅದರ ಚಿಂತೆ ಬೇಡ ಎಂಬುದು ನಮ್ಮಲ್ಲಿ ಓದಿದವರ ನಡುವೆಯೂ ಇರುವ ತಿಳಿವಳಿಕೆ. ಅರ್ಧ ನಿಜ. ಭಾರತದಲ್ಲಿ ಚರ್ಮದ ಮೆಲನೋಮಾ ನಿಜಕ್ಕೂ ಕಡಿಮೆ. ಆದರೆ ಚರ್ಮದಲ್ಲಿ ಒಂದು ಚುಕ್ಕೆಯೂ ಇಲ್ಲದವರ ಮೆದುಳಿನ ಪೊರೆಯಲ್ಲೇ ಈ ರೋಗ ಹುಟ್ಟಬಹುದು. ಹಾಗೆ ಹುಟ್ಟಿದಾಗ ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಧರಿಸುವ ವೇಷ ಕ್ಷಯರೋಗದ್ದು. ಇವತ್ತಿನ ನನ್ನ ಮಾತು ಈ ವೇಷದ ಕುರಿತು, ಮತ್ತು ಅದನ್ನು ಬಯಲು ಮಾಡಬಲ್ಲ ಒಂದು ಅಗ್ಗದ ಪರೀಕ್ಷೆಯ ಕುರಿತು.

ನಾನು ಇಂಡಿ ತಾಲ್ಲೂಕಿನವಳು. ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದರೆ ಮುಕ್ಕಾಲು ಗಂಟೆಯ ಆಚೆಗೆ ಸಿಗುವ ತಳೇಗಾಂವ ದಾಭಾಡೆಯಲ್ಲಿ ಹದಿಮೂರು ವರ್ಷದಿಂದ ರೋಗನಿದಾನ ತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ರೋಗಿಯ ಮುಖ ನೋಡುವುದು ನನಗೆ ಅಪರೂಪ. ಅವರ ಅಂಗಾಂಶದ ತುಣುಕು, ಗಾಜಿನ ಪಟ್ಟಿಯ ಮೇಲೆ ಹರಡಿದ ಜೀವಕೋಶ, ಇವೇ ನನ್ನ ದಿನದ ಜೊತೆಗಾರರು. ಆದರೂ ಊರಿನ ನಂಟು ಫೋನಿನಲ್ಲಿ ಬರುತ್ತದೆ. ವಿಜಯಪುರ, ಕಲಬುರಗಿ ಕಡೆಯವರು ಸೊಲ್ಲಾಪುರಕ್ಕೆ, ಬೆಳಗಾವಿ ಕಡೆಯವರು ಮೀರಜಿಗೆ ಆಸ್ಪತ್ರೆಗೆ ಹೋಗುವುದು ತಲೆಮಾರುಗಳ ರೂಢಿ. ಅಲ್ಲಿ ಬಗೆಹರಿಯದ್ದು ಪುಣೆಗೆ ಬರುತ್ತದೆ, ಮುಂಬೈಗೆ ಹೋಗುತ್ತದೆ. ದಾರಿಯಲ್ಲಿ ನನ್ನ ಮೊಬೈಲಿಗೂ ರಿಪೋರ್ಟಿನ ಫೋಟೊ ಬಂದು ಬೀಳುತ್ತದೆ. ‘ಅಕ್ಕಾರ, ತಲಿಯೊಳಗ ಟಿಬಿ ಐತಂತರಿ. ಔಷಧಿ ಚಾಲೂ ಮಾಡಿ ಎರಡು ತಿಂಗಳಾತು, ಹೇಳೂವಂಥ ಗುಣ ಇಲ್ರಿ’ ಎಂಬ ಮಾತು ನನಗೆ ಹೊಸದಲ್ಲ.

ಅಂಥ ಬಹುತೇಕ ರೋಗಿಗಳಿಗೆ ಇರುವುದು ಟಿಬಿಯೇ. ಇದನ್ನು ಮೊದಲೇ ಒತ್ತಿ ಹೇಳುತ್ತೇನೆ, ಯಾರೂ ಈ ಲೇಖನ ಓದಿ ಮಾತ್ರೆ ನಿಲ್ಲಿಸಬಾರದು. ಗುಣ ಕಾಣಲು ಅದಕ್ಕೆ ಸಮಯವೂ ಬೇಕು. ಆದರೆ ಆ ಫೈಲುಗಳಲ್ಲಿ ನಾನು ಹುಡುಕುವ ಒಂದು ಹಾಳೆ ಇದೆ, ಅದು ಬಹಳ ಸಲ ಇರುವುದೇ ಇಲ್ಲ. ಬೆನ್ನಿನ ನೀರಿನ ಸೈಟಾಲಜಿ ರಿಪೋರ್ಟು, ಅಂದರೆ ಆ ನೀರಿನಲ್ಲಿ ಎಂಥ ಜೀವಕೋಶಗಳಿವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ವರದಿ.

ಮೊದಲು ಈ ಗಡ್ಡೆ ಎಲ್ಲಿಂದ ಬರುತ್ತದೆ ನೋಡೋಣ. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೋಸೈಟ್ ಎಂದು ಹೆಸರು. ತಾಯಿಯ ಹೊಟ್ಟೆಯಲ್ಲಿ ಭ್ರೂಣ ರೂಪುಗೊಳ್ಳುವಾಗ, ನರಮಂಡಲವಾಗಲಿರುವ ಭಾಗದ ಅಂಚಿನಿಂದ ಹೊರಟ ಕೆಲವು ಜೀವಕೋಶಗಳು ಮೈಯೆಲ್ಲ ಹರಡುತ್ತವೆ. ಹೆಚ್ಚಿನವು ಚರ್ಮ ಸೇರಿ ಮೆಲನೋಸೈಟ್ ಆಗುತ್ತವೆ. ಕೆಲವು ಕಣ್ಣಿನೊಳಗೆ, ಕೆಲವು ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತಿದ ತೆಳು ಪೊರೆಗಳಲ್ಲಿ ನೆಲೆಸುತ್ತವೆ. ಮೆದುಳಿನ ಬುಡದಲ್ಲಿ ಮತ್ತು ಕತ್ತಿನ ಮೇಲ್ಭಾಗದ ಬೆನ್ನುಹುರಿಯ ಸುತ್ತ ಇವುಗಳ ಸಂಖ್ಯೆ ತುಸು ಹೆಚ್ಚು. ಬಿಸಿಲೇ ತಾಗದ ಆ ಕತ್ತಲೆಯ ಜಾಗದಲ್ಲಿ ಅವು ಸಾಮಾನ್ಯವಾಗಿ ಜೀವನಪೂರ್ತಿ ಸುಮ್ಮನಿರುತ್ತವೆ. ತೀರಾ ಅಪರೂಪಕ್ಕೆ ಅವೇ ಗಡ್ಡೆಯಾಗಿ ಬೆಳೆಯುತ್ತವೆ. ಜರ್ಮನಿಯ ರುಡಾಲ್ಫ್ ವಿರ್ಚೋ 1859ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಇವನ್ನು ಎರಡು ಗುಂಪು ಮಾಡುತ್ತದೆ. ಒಂದು, ಒಂದೇ ಕಡೆ ಗಂಟಾಗಿ ಬೆಳೆಯುವವು. ಇವುಗಳಲ್ಲಿ ಸೌಮ್ಯವಾದದ್ದು ಮೆಲನೋಸೈಟೋಮಾ, ಉಗ್ರವಾದದ್ದು ಮೆಲನೋಮಾ. ಇನ್ನೊಂದು, ಗಂಟಾಗದೆ ಪೊರೆಯ ಉದ್ದಕ್ಕೂ ಮಸಿ ಚೆಲ್ಲಿದಂತೆ ಹರಡುವವು. ಇದರಲ್ಲಿ ಉಗ್ರ ರೂಪಕ್ಕೆ ಮೆಲನೋಮಟೋಸಿಸ್ ಎನ್ನುತ್ತಾರೆ.

ಎಷ್ಟು ಅಪರೂಪ? ಹೊರದೇಶದ ಲೆಕ್ಕಗಳ ಪ್ರಕಾರ ಒಂದು ಕೋಟಿ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.1 ಕೋಟಿ, ಮಹಾರಾಷ್ಟ್ರದ್ದು 11.2 ಕೋಟಿ. ಅದೇ ದರ ನಮಗೂ ಹೊಂದುತ್ತದೆ ಎಂದು ಇಟ್ಟುಕೊಂಡರೆ ಎರಡೂ ರಾಜ್ಯ ಸೇರಿ ವರ್ಷಕ್ಕೆ ಹದಿನೇಳು ಚಿಲ್ಲರೆ ಮಂದಿ. ಇನ್ನು ಟಿಬಿಯ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಹೊಸದಾಗಿ ಟಿಬಿ ತಗುಲಿದವರು ಸುಮಾರು 28 ಲಕ್ಷ, ಜಗತ್ತಿನ ಒಟ್ಟು ರೋಗಿಗಳ ಕಾಲುಭಾಗಕ್ಕಿಂತ ಹೆಚ್ಚು. ಅದರಲ್ಲಿ ಸಣ್ಣ ಪಾಲು ಮೆದುಳಿನ ಪೊರೆಯ ಟಿಬಿ ಎಂದರೂ ಅದು ಸಾವಿರಗಟ್ಟಲೆ ಜನ. ಹೀಗಿರುವಾಗ ವಾರಗಟ್ಟಲೆ ತಲೆನೋವು, ವಾಂತಿ, ಮಂಕು, ಒಂದಕ್ಕೆ ಎರಡು ಕಾಣುವುದು ಎಂದು ಬಂದ ರೋಗಿಯನ್ನು ಕಂಡ ವೈದ್ಯರು ಮೊದಲು ಟಿಬಿಯನ್ನೇ ನೆನೆಯುವುದು ಸರಿಯೇ.

ತೊಡಕು ಶುರುವಾಗುವುದು ಪರೀಕ್ಷೆಗಳೂ ಅದೇ ಕಥೆ ಹೇಳಿದಾಗ. ಪೊರೆಯ ಟಿಬಿಯಲ್ಲಿ ಬೆನ್ನಿನ ನೀರಿನ ಪ್ರೊಟೀನ್ ಏರುತ್ತದೆ, ಸಕ್ಕರೆ ಇಳಿಯುತ್ತದೆ. ಪೊರೆಯಲ್ಲಿ ಹರಡಿದ ಮೆಲನೋಮಾದಲ್ಲೂ ಹಾಗೇ ಆಗಬಹುದು. ಎಡಿಎ ಪರೀಕ್ಷೆಯ ಅಂಕಿ ಏರುವುದು ಟಿಬಿಗೆ ಮಾತ್ರ ಮೀಸಲಲ್ಲ. ಬಣ್ಣದ ಔಷಧಿ ಚುಚ್ಚಿ ಎಂಆರ್‌ಐ ಮಾಡಿದರೆ ಎರಡರಲ್ಲೂ ಮೆದುಳಿನ ಬುಡದ ಪೊರೆ ಹೊಳೆಯುತ್ತದೆ. ಎರಡರಲ್ಲೂ ಮೆದುಳಿನ ನೀರು ಹರಿಯುವ ದಾರಿ ಕಟ್ಟಿ ತಲೆಯಲ್ಲಿ ನೀರು ತುಂಬಬಹುದು. ಇದೆಲ್ಲದರ ಮೇಲೆ ಇನ್ನೊಂದು ಮೋಸವಿದೆ. ಪೊರೆಯ ಟಿಬಿಗೆ ಮಾತ್ರೆಯ ಜೊತೆ ಕೆಲವು ವಾರ ಡೆಕ್ಸಾಮೆಥಸೋನಿನಂಥ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್ ಗಡ್ಡೆಯ ಸುತ್ತಲಿನ ಬಾವನ್ನೂ ಇಳಿಸುತ್ತದೆ. ತಲೆನೋವು ಕಡಿಮೆಯಾಗುತ್ತದೆ, ರೋಗಿ ಎದ್ದು ಕೂತು ರೊಟ್ಟಿ ತಿನ್ನುತ್ತಾನೆ, ಮನೆಯವರು ಔಷಧಿ ಹತ್ತಿತು ಎಂದು ದೇವರಿಗೆ ಕಾಯಿ ಒಡೆಸುತ್ತಾರೆ. ಸ್ಟೀರಾಯ್ಡ್ ಇಳಿಸುತ್ತ ಬಂದಂತೆ ತಲೆನೋವು ತಿರುಗಿ ಬರುತ್ತದೆ. ಅಷ್ಟರಲ್ಲಿ ಎರಡು ತಿಂಗಳು ಹೋಗಿರುತ್ತದೆ.

ಕೆಲವು ವರ್ಷದ ಹಿಂದೆ ನನ್ನ ಮೇಜಿಗೆ ಬಂದ ಒಂದು ಮಾದರಿಯನ್ನು ಹೇಳುತ್ತೇನೆ, ಗುರುತು ಸಿಗದಂತೆ. ನಲವತ್ತರ ಆಸುಪಾಸಿನ ರೈತ, ಕಬ್ಬಿನ ಹೊಲ, ಎರಡು ಮಕ್ಕಳು. ನಾಲ್ಕು ತಿಂಗಳಿಂದ ಟಿಬಿ ಮಾತ್ರೆ ನುಂಗುತ್ತಿದ್ದ. ಎರಡು ಕಡೆ ಎರಡು ಸಲ ಬೆನ್ನಿನ ನೀರು ತೆಗೆದಿದ್ದರು. ಎರಡು ಸಲವೂ ಪ್ರೊಟೀನ್, ಸಕ್ಕರೆ, ಬಿಳಿ ರಕ್ತಕಣಗಳ ಎಣಿಕೆ, ಟಿಬಿ ಕ್ರಿಮಿಯ ಹುಡುಕಾಟ ನಡೆದಿತ್ತು. ಕ್ರಿಮಿ ಸಿಕ್ಕಿರಲಿಲ್ಲ. ಮೂರನೆಯ ಸಲ ಒಬ್ಬ ಕಿರಿಯ ವೈದ್ಯೆ ಒಂದು ಟ್ಯೂಬು ಹೆಚ್ಚಿಗೆ ತುಂಬಿಸಿ ಸೈಟಾಲಜಿಗೆ ಕಳಿಸಿದ್ದಳು. ನೀರನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ತಳಕ್ಕಿಳಿದ ಜೀವಕೋಶಗಳನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ನೋಡಿದರೆ, ದೊಡ್ಡ ದೊಡ್ಡ ವಿಕಾರ ಜೀವಕೋಶಗಳು, ಕೆಲವುಗಳ ಒಳಗೆ ಕಂದು ಬಣ್ಣದ ಸಣ್ಣ ಪುಡಿ. ಆ ಪುಡಿ ಹಳೆಯ ರಕ್ತದ ಕಬ್ಬಿಣವೂ ಆಗಿರಬಹುದು. ಅದಕ್ಕೆ ಬೇರೆ ಬಣ್ಣದ ಪರೀಕ್ಷೆ ಇದೆ. ಮೆಲನಿನ್ ಇದ್ದಲ್ಲಿ ನಾವು ಸಾಮಾನ್ಯವಾಗಿ ಬಳಸುವ ಕಂದು ಗುರುತು ಕಾಣದೇ ಹೋಗಬಹುದು, ಆದ್ದರಿಂದ ಕೆಂಪು ಗುರುತಿನ ರಾಸಾಯನಿಕ ಬಳಸಿ ಎಚ್‌ಎಂಬಿ-45, ಎಸ್-100, ಸಾಕ್ಸ್-10 ಎಂಬ ಪರೀಕ್ಷೆಗಳನ್ನು ಮಾಡಿದೆವು. ಮೆಲನೋಮಾ ಎಂದು ಖಚಿತವಾಯಿತು.

ಅಷ್ಟಕ್ಕೇ ಅದು ಪೊರೆಯಲ್ಲೇ ಹುಟ್ಟಿದ್ದು ಎನ್ನುವಂತಿಲ್ಲ. ಮೈಯ ಬೇರೆ ಕಡೆಯಿಂದ ಮೆದುಳಿಗೆ ಹರಡಿ ಬಂದ ಮೆಲನೋಮಾವೇ ಹೆಚ್ಚು. ಆದ್ದರಿಂದ ನೆತ್ತಿಯಿಂದ ಅಂಗಾಲಿನವರೆಗೆ ಹುಡುಕಬೇಕು. ನಮ್ಮ ಜನರಲ್ಲಿ ಮೆಲನೋಮಾ ಕಾಣಿಸಿಕೊಳ್ಳುವ ಜಾಗಗಳಲ್ಲಿ ಅಂಗಾಲು, ಉಗುರಿನ ಬುಡ, ಬಾಯಿಯ ಒಳಭಾಗ, ಗುದದ್ವಾರ ಮುಖ್ಯವಾದವು. ಬರಿಗಾಲಲ್ಲಿ ಹೊಲ ತುಳಿದವನ ಅಂಗಾಲನ್ನು ತೊಳೆದು ನೋಡುವ ವ್ಯವಧಾನ ನಮ್ಮ ಒಪಿಡಿಗಳಲ್ಲಿ ಎಷ್ಟಿದೆ ಎಂದು ನಿಮಗೂ ಗೊತ್ತು. ಕಣ್ಣಿನ ಒಳಪದರವನ್ನೂ ನೋಡಬೇಕು. ಈ ರೈತನಿಗೆ ಎಲ್ಲೂ ಏನೂ ಇರಲಿಲ್ಲ. ಮುಂಬೈಗೆ ಹೋದರು. ಕೆಲವೇ ತಿಂಗಳು ಬದುಕಿದ.

ಆಮೇಲೆ ಆತನ ಹೆಂಡತಿ ಗಾಜಿನ ಪಟ್ಟಿಗಳನ್ನು ಮರಳಿ ಕೊಡಲು ಬಂದಾಗ ಕೇಳಿದ್ದು ಒಂದೇ ಮಾತು: ‘ಮೊದಲ ತಿಳಿದಿದ್ರ ಉಳೀತಿದ್ರೇನ್ರಿ?’

ಬಹುಶಃ ಇಲ್ಲ. ಪೊರೆಯ ತುಂಬ ಹರಡಿದ ಮೆಲನೋಮಾಕ್ಕೆ ಇವತ್ತಿಗೂ ಗಟ್ಟಿ ಚಿಕಿತ್ಸೆ ಇಲ್ಲ, ಬದುಕುವುದು ಸಾಮಾನ್ಯವಾಗಿ ತಿಂಗಳುಗಳ ಲೆಕ್ಕ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೋಥೆರಪಿ ಔಷಧಗಳು ಚರ್ಮದ ಮೆಲನೋಮಾದ ಚಿತ್ರಣವನ್ನೇ ಬದಲಿಸಿವೆ. ಪೊರೆಯ ಮೆಲನೋಮಾದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಿಗೆ ಉಪಯೋಗವಾಗಿದೆ, ಖರ್ಚು ಲಕ್ಷಗಳಲ್ಲಿ. ಚರ್ಮದ ಮೆಲನೋಮಾದಲ್ಲಿ ಸಾಮಾನ್ಯವಾದ ಬಿರಾಫ್ ಎಂಬ ಜೀನಿನ ಬದಲಾವಣೆ ಇಲ್ಲಿ ಕಡಿಮೆ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಜಿಎನ್‌ಎಕ್ಯೂ, ಜಿಎನ್‌ಎ-11 ಎಂಬ ಬದಲಾವಣೆಗಳು, ಅಂದರೆ ಕಣ್ಣಿನೊಳಗಿನ ಮೆಲನೋಮಾದ ಹತ್ತಿರದ ನೆಂಟ. ಆದ್ದರಿಂದ ಚರ್ಮದ ರೋಗಕ್ಕೆ ಸಿಗುವ ಮಾತ್ರೆಗಳು ಇಲ್ಲಿ ಅಷ್ಟಾಗಿ ನಾಟುವುದಿಲ್ಲ.

ಹಾಗಾದರೆ ಬೇಗ ತಿಳಿದು ಏನು ಪ್ರಯೋಜನ ಎಂದು ನನ್ನ ವೃತ್ತಿಯವರೇ ಕೇಳುತ್ತಾರೆ. ಕೋಟಿಗೊಬ್ಬರ ರೋಗಕ್ಕಾಗಿ ಪ್ರತಿಯೊಬ್ಬರ ಬೆನ್ನಿನ ನೀರನ್ನೂ ಸೈಟಾಲಜಿಗೆ ಕಳಿಸಬೇಕೇ? ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಹೌದು. ಕಾರಣ ಮೂರು.

ಮೊದಲನೆಯದು, ಹುಡುಕುವುದು ಮೆಲನೋಮಾ ಒಂದನ್ನೇ ಅಲ್ಲ. ಸ್ತನದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ರಕ್ತದ ಕ್ಯಾನ್ಸರ್, ಲಿಂಫೋಮಾ, ಇವೆಲ್ಲ ಮೆದುಳಿನ ಪೊರೆಗೆ ಹರಡುತ್ತವೆ, ಮತ್ತು ಮೆಲನೋಮಾಕ್ಕಿಂತ ಎಷ್ಟೋ ಹೆಚ್ಚು ಸಲ. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಇವೂ ಟಿಬಿಯ ವೇಷದಲ್ಲೇ ಬರಬಹುದು. ಅದೇ ಒಂದು ಟ್ಯೂಬು ಇವೆಲ್ಲವನ್ನೂ ಹಿಡಿಯಬಲ್ಲದು. ಪರೀಕ್ಷೆಯ ಖರ್ಚು ಎಂಆರ್‌ಐ ಖರ್ಚಿನ ಸಣ್ಣ ಪಾಲು.

ಎರಡನೆಯದು, ಪೊರೆಯ ಮೆಲನಿನ್ ಗಡ್ಡೆಗಳೆಲ್ಲ ಒಂದೇ ಅಲ್ಲ. ಒಂದೇ ಕಡೆ ಗಂಟಾದ ಮೆಲನೋಸೈಟೋಮಾವನ್ನು ಪೂರ್ತಿ ತೆಗೆದರೆ ರೋಗಿ ವರ್ಷಗಟ್ಟಲೆ ಚೆನ್ನಾಗಿರಬಲ್ಲ. ಅದಕ್ಕೆ ಬೆನ್ನಿನ ನೀರಿಗಿಂತ ಎಂಆರ್‌ಐ ಮುಖ್ಯ. ಸುಳಿವು ಬಣ್ಣದ ಔಷಧಿ ಚುಚ್ಚುವ ಮೊದಲಿನ ಚಿತ್ರದಲ್ಲಿರುತ್ತದೆ. ಮೆಲನಿನ್ ಹೆಚ್ಚಿದ್ದರೆ ಟಿ-1 ಚಿತ್ರದಲ್ಲಿ ತಾನಾಗಿಯೇ ಬೆಳ್ಳಗೆ, ಟಿ-2 ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ರಕ್ತಸ್ರಾವವಾದರೂ ಹೀಗೆ ಕಾಣಬಹುದು ಎಂಬುದು ನಿಜ. ಆದರೂ ಆ ಬಿಳುಪನ್ನು ಕಂಡವರು ‘ಮೆಲನಿನ್ ಇರಬಹುದೇ’ ಎಂಬ ಎರಡು ಪದವನ್ನು ವರದಿಯಲ್ಲಿ ಬರೆದರೆ, ಮುಂದೆ ಶಸ್ತ್ರಚಿಕಿತ್ಸಕರೂ ನಮ್ಮಂಥವರೂ ಎಚ್ಚರವಾಗುತ್ತೇವೆ. ಹುಟ್ಟಿನಿಂದ ಕಣ್ಣಿನ ಸುತ್ತ ನೀಲಿಗಪ್ಪು ಛಾಯೆ ಇರುವವರನ್ನು ನೀವೂ ನೋಡಿರಬಹುದು. 1939ರಲ್ಲಿ ಜಪಾನಿನ ಓಟಾ ವಿವರಿಸಿದ್ದರಿಂದ ಅದಕ್ಕೆ ಓಟಾ ಮಚ್ಚೆ ಎಂದೇ ಹೆಸರು. ಏಷ್ಯಾದವರಲ್ಲಿ ಇದು ಹೆಚ್ಚು, ಬಹುಪಾಲು ನಿರುಪದ್ರವಿ. ಆದರೆ ಅಂಥವರಿಗೆ ಬಿಡದ ತಲೆನೋವು ಬಂದರೆ ಪೊರೆಯ ಕಡೆಗೂ ಒಂದು ಕಣ್ಣಿರಬೇಕು. ಹಾಗೆಯೇ ಹುಟ್ಟುವಾಗಲೇ ಬೆನ್ನಿನ ತುಂಬ ದೊಡ್ಡ ಕಪ್ಪು ಮಚ್ಚೆ, ಸುತ್ತ ಹತ್ತಾರು ಸಣ್ಣ ಮಚ್ಚೆ ಇರುವ ಕೂಸುಗಳು. ಮನೆಯಲ್ಲಿ ಇದನ್ನು ಗ್ರಹಣದ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಆ ಮಕ್ಕಳಲ್ಲಿ ಕೆಲವರಿಗೆ ಮೆದುಳಿನ ಪೊರೆಯಲ್ಲೂ ಇದೇ ಜೀವಕೋಶಗಳು ತುಂಬಿರುತ್ತವೆ. ಮೊದಲ ಕೆಲವು ತಿಂಗಳೊಳಗೆ ಎಂಆರ್‌ಐ ಮಾಡಿದರೆ ಗೊತ್ತಾಗುತ್ತದೆ. ಮೈಮೇಲಿನ ಸಾಮಾನ್ಯ ಮಚ್ಚೆಗಳಿಗೆ ಯಾರೂ ಹೆದರಬೇಕಿಲ್ಲ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಆ ರೈತ ತನ್ನ ಕೊನೆಯ ವರ್ಷದ ನಾಲ್ಕು ತಿಂಗಳನ್ನು ‘ಗುಣವಾಗುವ ರೋಗ’ದ ರೋಗಿಯಾಗಿ ಕಳೆದ. ಮಾತ್ರೆಯಿಂದ ಯಕೃತ್ತು ಕೆಟ್ಟು ಹಳದಿ ಏರಿತ್ತು. ಗುಣವಾದ ಮೇಲೆ ತೀರಿಸಿದರಾಯಿತು ಎಂದು ಹೊಲದ ಮೇಲೆ ಸಾಲ ತೆಗೆದಿದ್ದ. ಹಿರಿಯ ಮಗನಿಗೆ ಲೇವಾದೇವಿಯ ಲೆಕ್ಕ ಹೇಳಿಕೊಡುವುದನ್ನೂ ಮುಂದೂಡಿದ್ದ. ಕೊನೆಗೆ ನಿಜ ತಿಳಿದಾಗ ಅವನಿಗೆ ಮಾತು ತೊದಲುತ್ತಿತ್ತು. ಸರಿಯಾದ ಹೆಸರು ಮೊದಲೇ ಸಿಕ್ಕಿದ್ದರೆ ಆಯುಷ್ಯ ಹೆಚ್ಚುತ್ತಿರಲಿಲ್ಲವೇನೋ, ಆದರೆ ಆ ತಿಂಗಳುಗಳನ್ನು ಹೇಗೆ ಕಳೆಯಬೇಕು ಎಂದು ನಿರ್ಧರಿಸುವ ಅವಕಾಶ ಅವನಿಗೆ ಸಿಗುತ್ತಿತ್ತು. ವೈದ್ಯಶಾಸ್ತ್ರ ಗುಣಪಡಿಸಲಾಗದಿದ್ದಾಗಲೂ ಇಷ್ಟನ್ನು ಕೊಡಬಹುದು. ಇದಕ್ಕೆ ಬೆಲೆ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗೆಂದು ಟಿಬಿ ಔಷಧಿ ತಡಮಾಡಿ ಎನ್ನುತ್ತಿಲ್ಲ. ಪೊರೆಯ ಟಿಬಿಯಲ್ಲಿ ತಡವಾದರೆ ಪ್ರಾಣ ಹೋಗುತ್ತದೆ, ಉಳಿದರೂ ಕೈಕಾಲು, ಕಣ್ಣು ಹೋಗಬಹುದು. ಅನುಮಾನ ಬಂದ ದಿನವೇ ಶುರು ಮಾಡುವುದು ಸರಿ. ನನ್ನ ಬೇಡಿಕೆ ಎರಡೇ. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ನೀರು ಕಳಿಸುವಾಗಲೇ ಸೈಟಾಲಜಿಗೂ ಕಳಿಸಿ. ಕ್ರಿಮಿ ಸಿಗದೆ ಚಿಕಿತ್ಸೆ ಶುರುವಾದ ಪ್ರತಿ ಫೈಲಿನ ಮೇಲೆ ಮರುವಿಚಾರದ ಒಂದು ತಾರೀಖು ಬರೆಯಿರಿ. ಸುಮಾರು ಆರು ವಾರಕ್ಕೆ, ಅಂದರೆ ಸ್ಟೀರಾಯ್ಡ್ ಇಳಿಯುವ ಹೊತ್ತಿಗೆ, ಟಿಬಿಯ ಪುರಾವೆಯೂ ಇಲ್ಲ, ಗುಣವೂ ಇಲ್ಲ ಎಂದಾದರೆ, ಬೆನ್ನಿನ ನೀರನ್ನು ಮತ್ತೊಮ್ಮೆ ತೆಗೆದು ನೋಡಿ. ಪೊರೆಗೆ ಹರಡಿದ ಕ್ಯಾನ್ಸರುಗಳಲ್ಲಿ ಮೊದಲ ಮಾದರಿಯಲ್ಲಿ ಜೀವಕೋಶ ಸಿಗುವುದು ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ, ಎರಡನೆಯ ಸಲಕ್ಕೆ ಈ ಪ್ರಮಾಣ ಬಹಳ ಏರುತ್ತದೆ. ನೀರು ಸಾಕಷ್ಟು ಬೇಕು, ಹತ್ತು ಮಿಲಿಲೀಟರ್ ಆದರೆ ಒಳ್ಳೆಯದು. ಬೇಗ ಪ್ರಯೋಗಾಲಯ ತಲುಪಬೇಕು, ಮಧ್ಯಾಹ್ನದ ಊಟ ಮುಗಿಯುವವರೆಗೆ ಕಿಟಕಿಯ ಬಳಿ ಇಟ್ಟರೆ ಜೀವಕೋಶಗಳು ಕರಗಿಹೋಗುತ್ತವೆ.

ಇಲ್ಲಿ ಮನೆಯವರಿಗೂ ಒಂದು ಮಾತು. ಮರಾಠಿಯವರು ‘ಪಾಠೀತಲಂ ಪಾಣಿ’ ಅನ್ನುತ್ತಾರೆ, ನಮ್ಮವರು ಬೆನ್ನಿನ ನೀರು ಅನ್ನುತ್ತಾರೆ. ಹೆದರಿಕೆ ಎರಡೂ ಭಾಷೆಯಲ್ಲಿ ಒಂದೇ, ತೆಗೆಸಿದರೆ ಸೊಂಟ ಬಿದ್ದುಹೋಗುತ್ತದೆ ಎಂದು. ಮೈಯಲ್ಲಿ ಈ ನೀರು ಇರುವುದು ಸುಮಾರು 150 ಮಿಲಿಲೀಟರ್. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಿಸುತ್ತದೆ. ತೆಗೆದ ಹತ್ತು ಮಿಲಿಲೀಟರ್ ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರುತ್ತದೆ. ತಲೆಯೊಳಗೆ ಒತ್ತಡ ಹೆಚ್ಚಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡಿಯೇ ವೈದ್ಯರು ಇದಕ್ಕೆ ಕೈಹಾಕುತ್ತಾರೆ. ಎರಡನೆಯ ಸಲ ತೆಗೆಯಬೇಕು ಎಂದಾಗ ‘ಒಮ್ಮೆ ತಗದಾರಲ್ರಿ, ಮತ್ಯಾಕ?’ ಎಂದು ಸಹಿ ಮಾಡದೆ ಎದ್ದು ಬರಬೇಡಿ.

ಊರು ಬಿಟ್ಟು ಊರಿಗೆ ಹೋಗುವವರು ಡಿಸ್ಚಾರ್ಜ್ ಹಾಳೆ ಒಂದನ್ನೇ ಹಿಡಿದು ಹೋಗುತ್ತಾರೆ. ಸಾಲದು. ಎಂಆರ್‌ಐ ಚಿತ್ರಗಳ ಸಿಡಿ, ಸೈಟಾಲಜಿಯ ಗಾಜಿನ ಪಟ್ಟಿ, ಬಯಾಪ್ಸಿ ಆಗಿದ್ದರೆ ಮೇಣದ ಬ್ಲಾಕು, ಇವನ್ನು ಕೇಳಿ ಪಡೆಯಿರಿ. ಮೇಣದಲ್ಲಿ ಹುದುಗಿಸಿದ ಅಂಗಾಂಶ ದಶಕಗಳವರೆಗೆ ಪರೀಕ್ಷೆಗೆ ಬರುತ್ತದೆ. ಅದಿಲ್ಲದೆ ಎರಡನೆಯ ಅಭಿಪ್ರಾಯ ಬರೀ ಊಹೆ. ಒಳರೋಗಿಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂಬುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಬ್ಲಾಕನ್ನು ಬರವಣಿಗೆಯ ಅರ್ಜಿ ಕೊಟ್ಟು ಕೇಳಿ. ಇಂಥ ಗೊಂದಲದ ರೋಗಿಗಳ ವಿಷಯವನ್ನು ದೂರದಿಂದಲೇ ತಜ್ಞರ ಮುಂದಿಡುವ ದಾರಿಯೂ ಈಗ ಇದೆ. ಟಾಟಾ ಸ್ಮಾರಕ ಕೇಂದ್ರದ ಸುತ್ತ 2012ರಲ್ಲಿ ಕಟ್ಟಿದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಜಾಲದ ಆಸ್ಪತ್ರೆಗಳು ಆನ್‌ಲೈನಿನಲ್ಲಿ ಸೇರಿ ಕಠಿಣ ಪ್ರಕರಣಗಳನ್ನು ಚರ್ಚಿಸುತ್ತವೆ. ನಿಮ್ಮ ವೈದ್ಯರನ್ನು ಕೇಳಿ ನೋಡಿ.

ಇನ್ನು ಸರ್ಕಾರದ ಕೆಲಸ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯ ಪಟ್ಟಿಯಲ್ಲಿ ಇರುವುದು ಬಹುಪಾಲು ಹುಟ್ಟಿನಿಂದ ಬರುವ ರೋಗಗಳು. ದೊಡ್ಡವರಿಗೆ ಬರುವ ಇಂಥ ವಿರಳ ಗಡ್ಡೆಗಳಿಗೆ ಅಲ್ಲಿ ಜಾಗವಿಲ್ಲ. ಕ್ಯಾನ್ಸರ್ ಯೋಜನೆಗಳ ಗಮನ, ಸಹಜವಾಗಿಯೇ, ಬಾಯಿ, ಸ್ತನ, ಗರ್ಭಕೊರಳಿನ ಮೇಲೆ. ಎಣಿಕೆಯಲ್ಲೂ ಅದೇ ಕಥೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1980ರ ದಶಕದ ಆರಂಭದಿಂದ ನಡೆದಿದೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ನೋಂದಣಿ ಶುರುವಾಯಿತು. ಇವು ತಮ್ಮ ವ್ಯಾಪ್ತಿಯಲ್ಲಿ ವಾಸಿಸುವವರನ್ನು ಎಣಿಸುತ್ತವೆ. ಇಂಡಿಯಲ್ಲಿ ಹುಟ್ಟಿ, ಸೊಲ್ಲಾಪುರದಲ್ಲಿ ಟಿಬಿ ಎನಿಸಿಕೊಂಡು, ಪುಣೆಯಲ್ಲಿ ಕ್ಯಾನ್ಸರ್ ಎನಿಸಿಕೊಂಡು, ಊರಿನ ಮನೆಯಲ್ಲಿ ತೀರಿಕೊಂಡವನು ಯಾವ ರಾಜ್ಯದ ಯಾವ ಪುಸ್ತಕಕ್ಕೂ ಸೇರದೆ ಹೋಗುವುದು ಬಹಳ ಸುಲಭ. ಈ ಗಡ್ಡೆಯ ಬಗ್ಗೆ ನಮ್ಮ ದೇಶದಲ್ಲಿ ಇರುವ ತಿಳಿವಳಿಕೆಯೆಲ್ಲ ಹೆಚ್ಚಾಗಿ ಒಬ್ಬೊಬ್ಬ ರೋಗಿಯ ಕುರಿತು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಬಿಡಿ ವರದಿಗಳಿಂದ ಬಂದದ್ದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಅಂಗಾಂಶ ಕಾಪಿಡುವ ಬ್ಯಾಂಕು ಇದೆ. ವಿರಳ ಗಡ್ಡೆಗಳ ಮಾದರಿಗಳೂ ವಿವರಗಳೂ ಇಂಥ ಒಂದೆರಡು ಕಡೆ ಕೂಡಿಬೀಳಲು ಗಡಿಯ ಎರಡೂ ಕಡೆಯ ಆಸ್ಪತ್ರೆಗಳು ಒಂದು ಫಾರಂ ತುಂಬಿದರೆ ಸಾಕು.

ನಾನಿರುವ ತಳೇಗಾಂವದಲ್ಲಿ 1908ರಲ್ಲಿ ಒಂದು ಗಾಜಿನ ಕಾರ್ಖಾನೆ ಶುರುವಾಯಿತು. ಸ್ವದೇಶಿ ಚಳವಳಿಯ ಕಾಲದಲ್ಲಿ ಜನಸಾಮಾನ್ಯರಿಂದ ಒಂದೊಂದು ಪೈಸೆ ಕೂಡಿಸಿ ಮಾಡಿದ ನಿಧಿಯಿಂದ ಕಟ್ಟಿದ್ದು. ಹೆಸರೇ ಪೈಸಾ ಫಂಡ್. ಯಾರ ಒಂದು ಪೈಸೆಯಿಂದಲೂ ಕಾರ್ಖಾನೆ ಆಗುತ್ತಿರಲಿಲ್ಲ. ವಿರಳ ರೋಗಗಳ ಜ್ಞಾನವೂ ಹಾಗೆಯೇ ಕೂಡಬೇಕು. ಒಬ್ಬ ವೈದ್ಯನ ಇಡೀ ವೃತ್ತಿಯಲ್ಲಿ ಒಬ್ಬ ರೋಗಿ ಬರಬಹುದು, ಬರದೆಯೂ ಇರಬಹುದು.

ವಿಜಯಪುರ, ಕಲಬುರಗಿ, ಬೆಳಗಾವಿಯ ಜಿಲ್ಲಾ ಆಸ್ಪತ್ರೆಗಳ ವೈದ್ಯರು ಈ ಅಂಕಣ ಓದುತ್ತಾರೆ ಎಂದು ನನಗೆ ಗೊತ್ತು. ಬೆನ್ನಿನ ನೀರಿನ ಪರೀಕ್ಷೆಯ ಚೀಟಿಯಲ್ಲಿ ಸೈಟಾಲಜಿ ಎಂಬ ಸಾಲು ಮೊದಲೇ ಅಚ್ಚಾಗಿರುವಂತೆ ಮಾಡಿ, ಬೇಡವಾದವರು ಕಾರಣ ಬರೆದು ಹೊಡೆದುಹಾಕಲಿ. ಸೈಟಾಲಜಿ ನೋಡುವವರು ನಿಮ್ಮಲ್ಲಿ ಇಲ್ಲದಿದ್ದರೆ ಪಟ್ಟಿ ತಯಾರಿಸಿ ಹತ್ತಿರದ ವೈದ್ಯಕೀಯ ಕಾಲೇಜಿಗೆ ಕಳಿಸಿ. ಹೊಸ ಯಂತ್ರ ಬೇಡ, ಹೊಸ ಬಜೆಟ್ಟು ಬೇಡ. ಮುಂದಿನ ಸಲ ಸೂಜಿ ಹಾಕಿದಾಗ ಇನ್ನೊಂದು ಟ್ಯೂಬು ತುಂಬಿಸಿದರೆ ಆಯಿತು.

(ಲೇಖಕಿ ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆಯಲ್ಲಿ ರೋಗನಿದಾನ ತಜ್ಞೆ)